ಬಿಳಿ ಲಾಟಿನಲ್ಲಿ ಹಸಿರು

ಟೆಸ್ಟ್ ರೂಮಿನ ಬಾಗಿಲು ಮುಚ್ಚಿದ್ದರೂ ಒಳಗೆ ಪ್ಲಾಸ್ಟಿಕ್ ಪಟ್ಟಿ ಮುರಿಯುವ ಸದ್ದು ಅವನಿಗೆ ಕೇಳಿಸುತ್ತಿತ್ತು. ಗ್ರೈಂಡರಿನ ಕಟಕಟ, ಕರಗಿಸುವ ಮಿಷಿನ್ನಿನ ಗುಂಯ್ ಎನ್ನುವ ದನಿ, ಬಿಸಿ ಎಳೆಗಳು ನೀರಿನ ತೊಟ್ಟಿಗೆ ಇಳಿಯುವಾಗಿನ ಚುಂಯ್, ಇಷ್ಟು ಗಲಾಟೆಯ ನಡುವೆ ಅಷ್ಟು ಸಣ್ಣ ಸದ್ದು ಬೇರೆ ಯಾರ ಕಿವಿಗೂ ಬೀಳುವಂಥದ್ದಲ್ಲ. ಆದರೆ ಒಳಗೆ ಪಟ್ಟಿಗಳನ್ನು ಒಂದೊಂದಾಗಿ ಮುರಿಯುತ್ತಿದ್ದವಳು ಅವನ ಹೆಂಡತಿ, ಮುರಿಯುತ್ತಿದ್ದದ್ದು ಅವನೇ ಮೊನ್ನೆ ಒಟ್ಟಿಗೆ ಕರಗಿಸಿದ ಮಾಲಿನ ಲಾಟು, ಮತ್ತು ಆ ಲಾಟಿನೊಳಗೆ ಏನು ಸೇರಿದೆ ಎಂಬುದು ಅವನೊಬ್ಬನಿಗೇ ಗೊತ್ತಿತ್ತು. ಒಳ್ಳೆಯ ಮಾಲಿನ ಪಟ್ಟಿ ಸುತ್ತಿಗೆಯ ಪೆಟ್ಟಿಗೆ ಮೊದಲು ಬಾಗುತ್ತದೆ, ಬಾಗಿದ ಜಾಗದಲ್ಲಿ ಬಿಳಿಚಿಕೊಳ್ಳುತ್ತದೆ, ಆಮೇಲೆ ಒಲ್ಲದ ಮನಸ್ಸಿನಿಂದ ಹರಿಯುತ್ತದೆ. ಕೆಟ್ಟ ಮಾಲಿನದು ಟಕ್ ಎಂದು ಹೋಗಿಬಿಡುತ್ತದೆ. ಬೆಳಗಿನಿಂದ ಬರೀ ಟಕ್, ಟಕ್. ಪ್ರತಿ ಸಲವೂ ಅವನ ಹಲ್ಲು ಜುಮ್ಮೆನ್ನುತ್ತಿತ್ತು. ಮಿಷಿನ್ನಿನ ಬಿಸಿ ತೋರಿಸುವ ಮುಳ್ಳನ್ನೇ ನೋಡುತ್ತಾ ನಿಂತಿದ್ದ, ಅದು ಎಷ್ಟು ತೋರಿಸುತ್ತಿದೆ ಎಂದು ಯಾರಾದರೂ ಕೇಳಿದ್ದರೆ ಹೇಳಲು ಅವನಿಗೆ ಆಗುತ್ತಿರಲಿಲ್ಲ.

ಊರು ಬೇಡವೆಂದು ಎಸೆದ ಬಕೆಟ್ಟು, ಡಬ್ಬ, ಕುರ್ಚಿ, ಮುಚ್ಚಳ ಎಲ್ಲ ಈ ಶೆಡ್ಡಿಗೆ ಬರುತ್ತದೆ. ಆರಿಸಿ, ತೊಳೆದು, ಚೂರು ಮಾಡಿ, ಕರಗಿಸಿ, ಶಾವಿಗೆಯಂಥ ಎಳೆ ತೆಗೆದು, ಕಾಳಾಗಿ ಕತ್ತರಿಸಿ ಮೂಟೆ ಕಟ್ಟುತ್ತಾರೆ. ಕರಗಿಸುವುದು ಅವನ ಕೆಲಸ. ಕರಗಿದ್ದು ಯೋಗ್ಯವೋ ಅಲ್ಲವೋ ಎಂದು ಹೇಳುವುದು ಅವಳದು. ಮದುವೆಯಾದ ಹೊಸದರಲ್ಲಿ ಇದನ್ನೇ ಇಟ್ಟುಕೊಂಡು ಎಲ್ಲರೂ ಅವನ ಕಾಲೆಳೆಯುತ್ತಿದ್ದರು, ನಿನ್ನ ಪಾಸು ಫೇಲು ಎರಡೂ ಮನೆಯಲ್ಲೇ ಇದೆಯಲ್ಲಯ್ಯಾ ಎಂದು. ಅವಳೂ ಕಡಿಮೆ ಇರಲಿಲ್ಲ, ಶೆಡ್ಡಿನೊಳಗೆ ಕಾಲಿಟ್ಟಳೆಂದರೆ ಗಂಡ ಎಂಬುದನ್ನು ಮರೆತವಳ ಹಾಗೆ ‘ಆಪರೇಟರ್ರೇ’ ಎನ್ನುತ್ತಿದ್ದಳು, ನಗು ತಡೆದುಕೊಂಡು. ಈಗಲೂ ಹಾಗೇ ಕರೆಯುತ್ತಾಳೆ. ತಡೆದುಕೊಳ್ಳುವುದಕ್ಕೆ ನಗು ಇಲ್ಲ, ಅಷ್ಟೇ.

ಮಗಳು ಪುಟ್ಟಿಯ ಪ್ಲಾಸ್ಟಿಕ್ ಮಣೆ ಗಿಳಿಹಸಿರು ಬಣ್ಣದ್ದು. ಬಚ್ಚಲಿನ ಸಿಂಕು ಎಟುಕುವುದಿಲ್ಲವೆಂದು ತಂದುಕೊಟ್ಟದ್ದು, ಆದರೆ ಆ ಹುಡುಗಿ ಅದನ್ನು ಸಿಂಕಿನ ಹತ್ತಿರ ಬಿಟ್ಟರೆ ತಾನೆ! ದರದರ ಎಳೆದುಕೊಂಡು ಅಡುಗೆಮನೆಗೆ, ಅಲ್ಲಿಂದ ಹಾಲಿಗೆ, ಎಲ್ಲಿ ಇಬ್ಬರೂ ಮಾತಾಡುತ್ತಾ ಕೂತಿದ್ದರೋ ಅಲ್ಲಿಗೆ. ಹತ್ತಿ ನಿಂತು, ಸೊಂಟದ ಮೇಲೆ ಕೈಯಿಟ್ಟು, “ಅಪ್ಪಾ, ನಾನೀಗ ಮಣೆ ಮೇಲಿದೀನಿ, ನನ್ ಮಾತು ಕೇಳ್ಬೇಕು” ಎನ್ನುವಳು. ಕೇಳಲೇಬೇಕಿತ್ತು. ಅದು ಮನೆಯ ಕಾನೂನಾಗಿಬಿಟ್ಟಿತ್ತು. ಒಂದು ಸಂಜೆ ಹೆಂಡತಿ ಅವಳ ತಲೆ ಬಾಚುತ್ತಾ, ಆಫೀಸಿನಲ್ಲಿ ಯಾರೋ ಇಂಜಿನಿಯರು ಬಂದು ಹೇಳಿಕೊಟ್ಟ ಪಾಠವನ್ನು ಅವನಿಗೆ ಒಪ್ಪಿಸುತ್ತಿದ್ದಳು. ಪ್ಲಾಸ್ಟಿಕ್ ಅಂದರೆ ಒಳಗೆಲ್ಲ ಉದ್ದುದ್ದ ಎಳೆಗಳಂತೆ, ಕಣ್ಣಿಗೆ ಕಾಣದಷ್ಟು ಸಣ್ಣವು, ಒಂದಕ್ಕೊಂದು ಸುತ್ತಿಕೊಂಡಿರುವುದರಿಂದಲೇ ಗಟ್ಟಿಯಂತೆ. “ಈ ಜಡೆ ಇಲ್ವಾ, ಹಂಗೇರೀ. ನಿಮ್ಮ ಮಿಷಿನ್ ಸ್ಕ್ರೂ ಒಳಗೆ ಹಾಕಿ ಅರೆದು ಅರೆದು ಕಾಯಿಸ್ತೀರಲ್ಲ, ಒಂದೊಂದ್ಸಲಕ್ಕೂ ಎಳೆ ತುಂಡಾಗ್ತಾ ಹೋಗುತ್ತೆ. ಗಿಡ್ಡ ಕೂದಲಿಗೆ ಜಡೆ ಹಾಕಿ ನೋಡೋಣ, ನಿಲ್ಲುತ್ತಾ?” ತುಂಡಾದಷ್ಟೂ ಕರಗಿದಾಗ ಸರಾಗವಾಗಿ ಹರಿಯುತ್ತದೆ, ಆರಿದ ಮೇಲೆ ಮುಟ್ಟಿದರೆ ಮುರಿಯುತ್ತದೆ. ಪುಟ್ಟಿ ಬಾಚಣಿಗೆಯಿಂದ ತಲೆ ಬಿಡಿಸಿಕೊಂಡು ಕೇಳಿದ್ದಳು, “ತುಂಡಾದ್ರೆ ಅದಕ್ಕೆ ನೋವಾಗುತ್ತಾ?” ಅವನು ನಕ್ಕು, ಪ್ಲಾಸ್ಟಿಕ್ಕಿಗೆ ಏನು ನೋವು ಮಗಳೇ ಎಂದಿದ್ದ.

ಪುಟ್ಟಿಗೆ ಬರೀ ಜ್ವರ ಎಂದು ಶುರುವಾದದ್ದು. ಆಸ್ಪತ್ರೆಯವರು ಮಣೆಯನ್ನು ತರಲು ಹೇಳಲಿಲ್ಲ, ಆದ್ದರಿಂದ ಮಣೆ ಮನೆಯಲ್ಲೇ ಉಳಿಯಿತು, ಸಿಂಕಿನ ಕೆಳಗೆ. ಹೆಂಡತಿ ನೆಲ ಒರೆಸುವಾಗ ಅದರ ಸುತ್ತ ಒರೆಸುತ್ತಿದ್ದಳು. ಅವನು ಹಲ್ಲುಜ್ಜುವಾಗ ಕಾಲನ್ನು ಅಗಲಿಸಿ ನಿಲ್ಲುತ್ತಿದ್ದ, ಅದು ಮಧ್ಯದಲ್ಲಿರಲಿ ಎಂದು. ಹೀಗೇ ತಿಂಗಳುಗಳು ಹೋದವು. ಬಚ್ಚಲಿನ ಬಲ್ಬು ಹೋದ ದಿನ ಅವನಿಗೆ ಏನು ಬಡಿದಿತ್ತೋ! ಕುರ್ಚಿ ಹಾಲಿನಲ್ಲಿತ್ತು, ನಾಲ್ಕು ಹೆಜ್ಜೆ ನಡೆದರೆ ಸಿಗುತ್ತಿತ್ತು. ಕತ್ತಲೆಯಲ್ಲಿ ಕಾಲಿಗೆ ಮಣೆ ಸಿಕ್ಕಿತು, ಹತ್ತಿದ. ಕಾಲಡಿ ಟಕ್ ಎಂದದ್ದು ಕೇಳಿಸಿದ ಮೇಲೂ ಬಲ್ಬನ್ನು ತಿರುಗಿಸಿ ಕೂರಿಸಿಯೇ ಇಳಿದ, ಅದನ್ನು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ. ಬೆಳಕು ಬಂತು. ಹೆಂಡತಿ ಬಾಗಿಲಲ್ಲಿ ನಿಂತಿದ್ದಳು, ಒದ್ದೆ ಕೈ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದ. ಅವಳು ಕೂತು ಚೂರುಗಳನ್ನು ಆರಿಸಿದಳು, ಪೊರಕೆ ಮುಟ್ಟದೆ, ಉಗುರಿನಷ್ಟು ಸಣ್ಣದನ್ನೂ ಬೆರಳ ತುದಿಗೆ ಅಂಟಿಸಿಕೊಂಡು ಎತ್ತಿ, ಎಲ್ಲವನ್ನೂ ಒಂದು ದಿಂಬಿನ ಚೀಲಕ್ಕೆ ಹಾಕಿದಳು. ಮಾರನೆಯ ಬೆಳಗ್ಗೆ ಕೆಲಸಕ್ಕೆ ಹೊರಡುವಾಗ ಅದನ್ನು ಅವನ ಕೈಗಿಟ್ಟಳು.

“ಕರಗಿಸಿ ಇನ್ನೊಂದು ಮಾಡಿಸ್ಕೊಂಡ್ ಬನ್ನಿ. ಪಕ್ಕದ ಶೆಡ್ಡಿನ ಅಚ್ಚಿನವ್ರ ಹತ್ರ ಮಣೆ ಅಚ್ಚು ಇದೆ. ಕೇಳಿದೀನಿ.”

“ನಿಂಗೇ ಗೊತ್ತಲ್ವೇನೇ, ಅದು ಮೊದಲೇ ಎಷ್ಟು ಸಲ ಕರಗಿದ್ದೋ ಏನೋ. ಇನ್ನೊಂದ್ಸಲ ಅಂದ್ರೆ...”

“ಗೊತ್ತು. ನಂಗೆ ಪಾಠ ಹೇಳ್ಬೇಡಿ.”

“ಸ್ವಲ್ಪ ಹೊಸ ಮಾಲು ಬೆರೆಸಿದ್ರೆ ಗಟ್ಟಿ ಬರುತ್ತೆ.”

“ಏನೂ ಬೆರೆಸ್ಬೇಡಿ. ಅವಳದು ಅವಳದೇ ಇರ್ಲಿ. ಗಟ್ಟಿ ಇಲ್ದಿದ್ರೇನು, ಇನ್ಯಾರು ಹತ್ತಬೇಕು ಅದನ್ನ?”

ಅದಾದ ಮೇಲೆ ಪ್ರತಿ ಸಂಜೆ ಒಂದೇ ಪ್ರಶ್ನೆ, ಚಪ್ಪಲಿ ಬಿಡುವುದಕ್ಕೂ ಮೊದಲೇ: “ಆಯ್ತಾ ರೀ?” ಮಿಷಿನ್ನಿಗೆ ಬಿಡುವಿಲ್ಲ ಕಣೇ ಎಂದು ಅವನು. ಮೊದಲು ಅದು ನಿಜವಾಗಿತ್ತು. ಈಗ ಮೂರ್ನಾಲ್ಕು ದಿನದಿಂದ ಸುಳ್ಳು. ಸುಳ್ಳು ಹೇಳುವಾಗ ಅವಳ ಮುಖ ನೋಡಬಾರದೆಂದು ಗೋಡೆ ನೋಡುತ್ತಾನೆ. ನಿನ್ನೆ ಬಚ್ಚಲಿಗೆ ಹೋದರೆ ಸಿಂಕಿನ ಕೆಳಗೆ ನೆಲವನ್ನು ಉಜ್ಜಿ ಉಜ್ಜಿ ಹೊಸದರ ಹಾಗೆ ಮಾಡಿಟ್ಟಿದ್ದಳು, ಬರುವ ಮಣೆಗೆ. ಅವನಿಗೆ ಅಲ್ಲಿ ನಿಂತು ಹಲ್ಲುಜ್ಜಲು ಆಗಲಿಲ್ಲ. ಅಂಗಳದ ನಲ್ಲಿಯಲ್ಲಿ ಬಾಯಿ ಮುಕ್ಕಳಿಸಿ ಬಂದ.

ಮೂಟೆಗಳ ವಿಷಯ ಇಲ್ಲದಿದ್ದರೆ ಎಲ್ಲ ಸರಿಹೋಗುತ್ತಿತ್ತು. ಆವತ್ತು ಊಟದ ಬಿಡುವಿಗೆ ಮಿಷಿನ್ನು ಖಾಲಿಯಾಗಿತ್ತು. ಚೂರುಗಳನ್ನು ಸಣ್ಣ ಗ್ರೈಂಡರಿನಲ್ಲಿ ಒಡೆದು ತಂದು, ಸುತ್ತ ಯಾರೂ ಇಲ್ಲವೆಂದು ನೋಡಿ, ಮಿಷಿನ್ನಿನ ಹಾಪರಿನ ಬಾಯಿಗೆ ಸುರಿದಿದ್ದ. ಕೈಗೆ ಅಂಟಿದ್ದ ಹಸಿರು ಪುಡಿಯನ್ನೂ ಕೊಡವಿ ಕೊಡವಿ ಒಳಗೇ ಹಾಕಿದ್ದ. ಸ್ಕ್ರೂ ತಿರುಗಿ ಮಾಲು ಒಳಗೆ ಎಳೆದುಕೊಂಡ ಹೊತ್ತಿಗೇ ಹೊರಗಿನಿಂದ ಗಡಿಬಿಡಿ ಸಾರ್ ಕೂಗಿದ್ದು. ಸೂಪರ್‌ವೈಸರಿಗೆ ಆ ಹೆಸರನ್ನು ಯಾರಿಟ್ಟರೋ, ಸರಿಯಾಗಿಯೇ ಇಟ್ಟಿದ್ದರು. ಮನುಷ್ಯ ನಿದ್ದೆಯನ್ನೂ ಓಡುತ್ತಲೇ ಮಾಡುವ ಪೈಕಿ. “ಯಾರಯ್ಯಾ ಗೇಟಿಗೆ ಅಡ್ಡ ಮೂಟೆ ಒಟ್ಟಿದ್ದು? ನಿಮ್ಮ ಮನೆ ಅಟ್ಟ ಅಂದ್ಕೊಂಡ್ಯಾ? ಬಾ ಇಲ್ಲಿ!” ಸ್ಕ್ರೂ ನಿಲ್ಲಿಸಿ ಓಡಿದ. ಬಿಸಿ ಆರಿಸಲಿಲ್ಲ. ಒಂದು ನಿಮಿಷದ ಮಾತು ಎಂದುಕೊಂಡಿದ್ದ. ಬಿಸಿಲಿನಲ್ಲಿ ಕೈಕಟ್ಟಿ ನಿಲ್ಲಿಸಿ ಬೈಯುತ್ತಲೇ ಇದ್ದರು, ಹಿಂದಿನದು ಮುಂದಿನದು ಎಲ್ಲ ಸೇರಿಸಿ. ಸಾರ್, ಮಿಷಿನ್ನಿನೊಳಗೆ ನನ್ನ ಮಗಳ ಮಣೆ ಇದೆ. ಇಷ್ಟೇ ಮಾತು. ನುಂಗಿಕೊಂಡ. ಹೇಳಿದರೆ ನಕ್ಕಾರು ಎಂದೋ, ಕಂಪನಿ ಮಿಷಿನ್ನಿನಲ್ಲಿ ಸ್ವಂತ ಕೆಲಸ ಮಾಡುತ್ತೀಯಾ ಎಂದಾರು ಎಂದೋ, ಅಥವಾ ಬರೀ ಅಭ್ಯಾಸವೋ. ಬೈಸಿಕೊಂಡು ಬೈಸಿಕೊಂಡು ಅವನ ಒಳಗಿನ ಎಳೆಗಳೂ ಗಿಡ್ಡವಾಗಿರಬೇಕು, ಯಾರು ಯಾವ ಕಡೆ ಬಗ್ಗಿಸಿದರೆ ಆ ಕಡೆ ಹರಿಯುತ್ತಾನೆ. “ಆಯ್ತು ಸಾರ್” ಎಂದ. ಅಷ್ಟೂ ಮೂಟೆಗಳನ್ನು ಎತ್ತಿ ಬೇರೆ ಗೋಡೆಗೆ ಒಟ್ಟಿದ.

ವಾಪಸು ಬಂದಾಗ ವಾಸನೆ ಬಾಗಿಲಲ್ಲೇ ಎದುರಾಯಿತು. ಸ್ಕ್ರೂ ಮತ್ತೆ ಚಾಲೂ ಮಾಡಿದ. ಎಳೆ ಬರಬೇಕಾದ ತೂತುಗಳಿಂದ ನೀರಿನಂತೆ ತೊಟ್ಟಿಕ್ಕಿತು, ಹಸಿರೂ ಅಲ್ಲದ ಕಂದೂ ಅಲ್ಲದ ಬಣ್ಣ, ನಡುವೆ ಕರಿ ಚುಕ್ಕೆಗಳು, ಹೊಗೆ. ತಗಡಿನ ಮೇಲೆ ಹಿಡಿದ, ಗಡ್ಡೆಯಾಯಿತು. ಆರಿದ ಮೇಲೆ ಅಂಚನ್ನು ಹೆಬ್ಬೆರಳಿನಿಂದ ಒತ್ತಿದರೆ ಮುರುಕಿನಂತೆ ಕಳಚಿ ಬಂತು. ಅಚ್ಚಿನವರ ಹತ್ತಿರ ತೆಗೆದುಕೊಂಡು ಹೋಗುವ ಮಾತೇ ಇಲ್ಲ. ಇದನ್ನು ಹಿಡಿದುಕೊಂಡು ಮನೆಗೆ ಹೋಗಿ, ಆಯ್ತು ಕಣೇ, ತಗೋ, ಎನ್ನುವುದೇ? ಎರಡು ಕೈಯಲ್ಲಿ ಹಿಡಿದು ನಿಂತಿದ್ದ. ಬಣ್ಣದ ಮಾಲಿನ ತೊಟ್ಟಿ ಎಡಕ್ಕೆ, ಬಿಳಿ ಮಾಲಿನದು ಬಲಕ್ಕೆ. ಬಣ್ಣದ್ದಕ್ಕೆಲ್ಲ ಕೊನೆಗೆ ಕರಿ ಪುಡಿ ಕಲಸಿ ಚರಂಡಿ ಪೈಪಿಗೆ ಕಳಿಸುತ್ತಾರೆ. ಬಿಳಿಯದ್ದು ಮಕ್ಕಳ ಟಬ್ಬು, ಆಟದ ಸಾಮಾನು, ಡಬ್ಬಿ. ಬಿಳಿಯಲ್ಲಿ ಒಂದು ನೀಲಿ ಮುಚ್ಚಳ ಕಂಡರೂ ಆರಿಸುವ ಹೆಂಗಸರ ಮೇಲೆ ಎಗರಾಡುತ್ತಿದ್ದವನು ಅವನೇ. ಆ ಅವನೇ ಗಡ್ಡೆಯನ್ನು ಒಡೆದು ಬಿಳಿ ಮಾಲಿನ ಗ್ರೈಂಡರಿಗೆ ಹಾಕಿದ. ಚರಂಡಿಗೆ ಮಾತ್ರ ಬೇಡ, ಚರಂಡಿಗೆ ಮಾತ್ರ ಬೇಡ ಎಂದುಕೊಳ್ಳುತ್ತಾ ಹಾಕಿದ. ಇಷ್ಟು ದೊಡ್ಡ ಲಾಟಿನಲ್ಲಿ ಯಾರಿಗೆ ಗೊತ್ತಾಗುತ್ತದೆ? ಗೊತ್ತಾಗುವವಳು ಒಬ್ಬಳೇ ಎಂಬುದು ಗ್ರೈಂಡರು ನಿಂತ ಮೇಲೆ ಹೊಳೆಯಿತು.

“ಏನಪ್ಪಾ, ಕಿವಿ ಕೇಳಿಸ್ತಾ ಇಲ್ವಾ? ಆವಾಗಿಂದ ಕರೀತಿದಾಳೆ ನಿನ್ನ ಹೆಂಡ್ತಿ.” ಆರಿಸುವ ಸಾಲಿನ ದೊಡ್ಡಮ್ಮ, ಕೈಯಲ್ಲಿ ಎರಡು ಡಬ್ಬ ಹಿಡಿದುಕೊಂಡೇ, ಇನ್ನೂ ಮುಳ್ಳನ್ನೇ ನೋಡುತ್ತಿದ್ದ ಅವನ ಮುಂದೆ ನಿಂತಿದ್ದಳು. ಶೆಡ್ಡಿಗೆಲ್ಲ ಅವಳು ದೊಡ್ಡಮ್ಮ. “ಮುಖ ಯಾಕೆ ಹಿಂಗೆ, ಪರೀಕ್ಷೆಗೆ ಓದ್ದೇ ಬಂದೋರ ಥರ? ಹೋಗು, ತಿನ್ನಲ್ಲ ಅವಳು.”

ಹೋದ. ಟೆಸ್ಟ್ ರೂಮಿನ ಬೆಳಕು ಅವನಿಗೆ ಯಾವತ್ತೂ ಹಿಡಿಸಿದ್ದಲ್ಲ, ಎಲ್ಲವನ್ನೂ ಬಿಚ್ಚಿ ತೋರಿಸುವಂಥದ್ದು. ಮೇಜಿನ ಮೇಲೆ ಮುರಿದ ಪಟ್ಟಿಗಳು ಜೋಡಿ ಜೋಡಿಯಾಗಿ ಮಲಗಿದ್ದವು. ಅವಳು ಭೂತಗನ್ನಡಿಯಿಂದ ಕಣ್ಣೆತ್ತದೆ ಹೇಳಿದಳು, “ಬನ್ನಿ ಆಪರೇಟರ್ರೇ. ಏನು ಮಾಡಿಟ್ಟಿದೀರ ನೋಡಿ ಈ ಲಾಟನ್ನ. ಎಲ್ಲಾ ಪಟ್ಟಿನೂ ಚುಕ್ಕಿ ಇರೋ ಕಡೆನೇ ಮುರೀತಿದೆ. ಸುಟ್ಟ ಮಾಲು. ಬಿಳಿಗೆ ಸುಟ್ಟಿದ್ದು ಹೆಂಗೆ ಬಂತು?” ಇನ್ನೊಂದು ಪಟ್ಟಿಯನ್ನು ಗಾಜಿನ ಕೆಳಗಿಟ್ಟಳು. “ಅದೂ ಬರೀ ಕರಿ ಅಲ್ಲ. ಅಂಚಲ್ಲಿ ಹಸಿರು. ಬಿಳಿ ಲಾಟಲ್ಲಿ ಹಸಿರು ಎಲ್ಲಿಂದ...” ಗಾಜನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡಳು. ಅವಳ ಬೆನ್ನು ನಿಧಾನವಾಗಿ ನೆಟ್ಟಗಾದದ್ದನ್ನು ಅವನು ನೋಡಿದ. ಇನ್ನು ತಿರುಗುತ್ತಾಳೆ, ಇನ್ನು ಕೇಳುತ್ತಾಳೆ, ಕೇಳಿದರೆ ಹೇಳಿಬಿಡಬೇಕು, ಅವಳು ಕೇಳುವ ಮೊದಲೇ ಹೇಳಿದರೆ ಒಂದಿಷ್ಟಾದರೂ ಮನುಷ್ಯನಾಗಿ ಉಳಿಯಬಹುದು ಎಂದು ಬಾಯಿ ತೆರೆಯುವಷ್ಟರಲ್ಲಿ ಬಾಗಿಲು ಧಡಾರನೆ ತೆರೆದುಕೊಂಡಿತು.

“ಆಯ್ತೇನಮ್ಮಾ? ಲಾರಿ ನಿಂತಿದೆ, ಡ್ರೈವರು ಪ್ರಾಣ ತಿಂತಿದಾನೆ.” ಗಡಿಬಿಡಿ ಸಾರ್ ಮೇಜಿನ ಮೇಲಿದ್ದ ಪಟ್ಟಿ ಎತ್ತಿ ಬೆಳಕಿಗೆ ಹಿಡಿದರು. “ಅಯ್ಯಯ್ಯೋ, ಏನಿದು ಚುಕ್ಕಿ? ಹಸಿರು! ಯಾವ ಮಹಾನುಭಾವ ಬಿಳಿಗೆ ಹಸಿರು ಹಾಕಿದ್ದು? ಏನಯ್ಯಾ, ಕಣ್ಣು ಮನೇಲಿ ಇಟ್ಟು ಬಂದಿದ್ಯಾ?”

“ತಪ್ಪಾಯ್ತು ಸಾರ್.”

“ತಪ್ಪಾಯ್ತು ಅಂದ್ರೆ? ಚಿಕ್ಕ ಮಗೂಗೂ ಗೊತ್ತಾಗುತ್ತೆ ಯಾವುದು ಬಿಳಿ ಯಾವುದು ಹಸಿರು ಅಂತ! ನಿಂಗೆ...”

“ಅದು ನಮ್ ಮಗಳ ಮಣೆ ಸಾರ್,” ಎಂದಳು ಅವಳು.

ದನಿ ಏರಿಸಲಿಲ್ಲ. ಲಾಟಿನ ನಂಬರು ಹೇಳುವ ಹಾಗೆ ಹೇಳಿದಳು. ಅವನು ಬಿಸಿಲಿನಲ್ಲಿ ಕೈಕಟ್ಟಿ ನಿಂತು ಹೇಳಲಾಗದೆ ನುಂಗಿದ್ದ ಮಾತು ಅಷ್ಟು ಸುಲಭವಾಗಿ ಹೊರಗೆ ಬಂದು ರೂಮಿನ ನಡುವೆ ನಿಂತಿತು, ಯಾರೂ ನಗಲಿಲ್ಲ. ಗಡಿಬಿಡಿ ಸಾರ್ ಪಟ್ಟಿಯನ್ನು ಇಡಲು ಜಾಗ ಹುಡುಕಿದರು, ಎಲ್ಲಿಂದ ಎತ್ತಿದರೋ ಅದೇ ಜೋಡಿಯ ಪಕ್ಕಕ್ಕೆ ಇಟ್ಟರು. ಪುಟ್ಟಿಯ ಮಣ್ಣಿಗೆ ಅವರು ಬಂದಿದ್ದರು. ಬಂದು ಏನೂ ಮಾತಾಡದೆ ಎಲ್ಲರಿಗಿಂತ ಕೊನೆಯಲ್ಲಿ ಹೋಗಿದ್ದರು. ಈಗಲೂ ಹೋಗಲು ಅವಸರವಿಲ್ಲದವರಂತೆ ನಿಂತಿದ್ದರು. ಆಮೇಲೆ, ಅವರದೇ ಅಲ್ಲದ ಸಣ್ಣ ದನಿಯಲ್ಲಿ ಹೇಳಿದರು, “ಹೋಗ್ಲಿ ಬಿಡಮ್ಮಾ. ಪಾಸ್ ಅಂತ ಬರೆದ್ಬಿಡು. ಒಂದೆರಡು ಚುಕ್ಕಿ ಯಾರು ನೋಡ್ತಾರೆ? ಏನಾದ್ರೂ ಬಂದ್ರೆ ನಾನಿದೀನಿ.”

ಬರಿ, ಬರಿ ಎಂದು ಅವನ ಜೀವ ಅಂಗಲಾಚಿತು. ಬರೆದುಬಿಡು ಕಣೇ. ಬರೆದರೆ ಪುಟ್ಟಿ ಲಾರಿ ಹತ್ತಿ ಹೋಗುತ್ತಾಳೆ, ಟಬ್ಬಾಗುತ್ತಾಳೆ, ಗಿಲಕಿಯಾಗುತ್ತಾಳೆ, ಯಾವ ಯಾವುದೋ ಮನೆಯ ಮಕ್ಕಳ ಕೈಯಲ್ಲಿ ಇರುತ್ತಾಳೆ. ನಿನ್ನ ಕೆಲಸದಲ್ಲಿ ಒಂದು ಸಲ, ಒಂದೇ ಸಲ ಸುಳ್ಳು ಬರೆದರೆ ಯಾರ ಗಂಟು ಹೋಗುತ್ತದೆ? ಅವಳು ಬರೆಯಲಿಲ್ಲ. ಉಳಿದಿದ್ದ ಒಂದು ಪಟ್ಟಿಯನ್ನು ತೆಗೆದುಕೊಂಡು ಪಟ್ಟಿ ಮುರಿಯುವ ಮಿಷಿನ್ನಿನ ಹಿಡಿಯಲ್ಲಿ ಕೂರಿಸಿದಳು. ಸುತ್ತಿಗೆಯನ್ನು ಎತ್ತಿ ಅದರ ಮೇಲೆ ಬೀಳಬಿಟ್ಟಳು. ಟಕ್. ಎರಡು ತುಂಡನ್ನೂ ಎತ್ತಿ ಮಿಕ್ಕವುಗಳ ಪಕ್ಕಕ್ಕೆ ಇಟ್ಟು ಕಣ್ಣು ಒರೆಸಿಕೊಂಡಳು.

“ಇದ್ರಲ್ಲಿ ಮಕ್ಕಳ ಮಣೆನೂ ಮಾಡ್ತಾರೆ ಸಾರ್,” ಎಂದಳು. “ಯಾರ್ ಮನೆ ಮಗೂನೋ, ನಂಬಿ ಹತ್ತಿ ನಿಂತ್ಕೊಳ್ಳುತ್ತೆ.”

ಫೇಲ್ ಎಂದು ಬರೆದು ಚೀಟಿ ಕೊಟ್ಟಳು. ಗಡಿಬಿಡಿ ಸಾರ್ ಅದನ್ನು ಮಡಿಸಿ ಜೇಬಿಗಿಟ್ಟುಕೊಂಡು, ಯಾರ ಮುಖವನ್ನೂ ನೋಡದೆ, “ಹಾಗಾದ್ರೆ ಕರಿ ಹಾಕಿ ಪೈಪಿನ ಲಾಟಿಗೆ ಸೇರಿಸ್ಬೇಕಾಗುತ್ತಮ್ಮಾ, ನಾನೇನ್ ಮಾಡ್ಲಿ” ಎಂದು ಹೊರಗೆ ಹೋದರು. ಬಾಗಿಲನ್ನು ಮೆಲ್ಲಗೆ ಎಳೆದುಕೊಂಡು ಹೋದರು.

ಇಬ್ಬರೇ ಉಳಿದರು. ಈಗ ಬೈಯುತ್ತಾಳೆ ಎಂದು ಕಾದ. ಮಣೆ ಮುರಿದಾಗ ಬೈಯದೆ ಇಟ್ಟುಕೊಂಡದ್ದು, ಆಸ್ಪತ್ರೆಯ ಬೆಂಚಿನ ಮೇಲೆ ಕೂತಾಗ ಬೈಯದೆ ಇಟ್ಟುಕೊಂಡದ್ದು, ಎಲ್ಲವನ್ನೂ ಸೇರಿಸಿ ಬೈಯಲಿ ಎಂದು ತಲೆ ತಗ್ಗಿಸಿದ.

“ಯಾಕೆ ಬಿಳಿಗೆ ಹಾಕಿದ್ರಿ?”

“ಸುಟ್ಟೋಯ್ತು ಕಣೇ. ನಾನ್ ಹೊರಗಡೆ ಮೂಟೆ ಎತ್ತುತ್ತಿದ್ದೆ, ಒಳಗೆ ಸುಟ್ಟೋಯ್ತು. ಬಣ್ಣದ ತೊಟ್ಟಿಗೆ ಹಾಕಿದ್ರೆ ಚರಂಡಿ ಪೈಪಾಗುತ್ತೆ. ಅವಳನ್ನ ಹೆಂಗೆ ನಾನು... ನನ್ ಕೈಯಾರೆ...” ಇಷ್ಟು ದಿನ, ಮಣ್ಣಿನ ದಿನವೂ ಸಹ, ಯಾರ ಮುಂದೆಯೂ ಅಳದಿದ್ದವನು ಮೇಜಿನ ಅಂಚನ್ನು ಹಿಡಿದುಕೊಂಡು ಅತ್ತ. ಅವಳು ಬಂದು ಹಿಡಿದುಕೊಳ್ಳಲಿಲ್ಲ. ಸಮಾಧಾನ ಮಾಡುವಷ್ಟು ಅವಳಲ್ಲೂ ಉಳಿದಿರಲಿಲ್ಲ. ನಿಂತಲ್ಲೇ ನಿಂತು, “ನಂಗೆ ಹೇಳ್ಬಹುದಿತ್ತು,” ಎಂದಳು. “ದಿನಾ ಕೇಳ್ತಿದ್ನಲ್ಲ. ಆ ಗಡ್ಡೆನೇ ತಂದ್ಕೊಟ್ಟಿದ್ರೂ ಇಟ್ಕೊತಿದ್ದೆ.” ಇದು ಅವನ ತಲೆಗೆ ಹೊಳೆದೇ ಇರಲಿಲ್ಲ. ಗಡ್ಡೆಯಾಗಿದ್ದರೂ, ಕಂದಾಗಿದ್ದರೂ, ಮುಟ್ಟಿದರೆ ಉದುರುತ್ತಿದ್ದರೂ ಅದು ಅದೇ ಆಗಿತ್ತು. ಮಣೆಯ ಆಕಾರ ಬೇಕೆಂದು ಅವಳು ಕೇಳಿದ್ದೇ ಹೊರತು ಅವಳಿಗೆ ಬೇಕಾಗಿದ್ದದ್ದು ಆಕಾರವಲ್ಲ. ಒಂದು ಸಲ ಬಾಯಿಬಿಟ್ಟಿದ್ದರೆ ಸಿಂಕಿನ ಕೆಳಗಿನ ಆ ತೊಳೆದಿಟ್ಟ ಜಾಗದಲ್ಲಿ ಇವತ್ತು ಏನಾದರೊಂದು ಇರುತ್ತಿತ್ತು. ಈಗ ಲಾಟಿನ ಅಷ್ಟೂ ಕಾಳಿನಲ್ಲಿ ಹರಡಿಹೋಗಿದೆ, ದೇವರೇ ಬಂದರೂ ಆರಿಸಿಕೊಡಲಾರ.

ಮಧ್ಯಾಹ್ನ ಲಾಟಿನ ಮೂಟೆಗಳನ್ನು ಬಿಚ್ಚಿ ದೊಡ್ಡ ತೊಟ್ಟಿಗೆ ಸುರಿದರು. ಬಿಳಿ ಕಾಳು, ನಡುನಡುವೆ ಕಣ್ಣಿಗೆ ಹತ್ತುವಷ್ಟು ಮಾತ್ರ ಚುಕ್ಕೆ. ಇದೆಲ್ಲ ಇನ್ನೊಂದು ಸಲ ಸ್ಕ್ರೂವಿನೊಳಗೆ ಹೋಗಬೇಕು, ಇನ್ನೊಂದಿಷ್ಟು ಎಳೆ ತುಂಡಾಗಬೇಕು, ಆಮೇಲೆ ನೆಲದಡಿ ಹೋಗಬೇಕು. ಕರಿ ಪುಡಿ ಕಲಸುವುದು ಯಾರಿಗೂ ಬೇಡದ ಕೆಲಸ, ಉಗುರಿನ ಸಂದಿಯಿಂದ ವಾರಗಟ್ಟಲೆ ಹೋಗುವುದಿಲ್ಲ. ದೊಡ್ಡಮ್ಮ ಬಂದು, ಬಿಡಪ್ಪಾ ಇವತ್ತು, ಬೇರೆಯವರು ಕಲಸ್ತಾರೆ ಎಂದಳು. ಆಗಲೇ ಸುದ್ದಿ ಎಲ್ಲರಿಗೂ ಮುಟ್ಟಿತ್ತು. ಬೇಡ ದೊಡ್ಡಮ್ಮಾ, ನಾನೇ ಮಾಡ್ತೀನಿ ಎಂದು ಮೂಗಿಗೆ ಬಟ್ಟೆ ಕಟ್ಟಿಕೊಂಡ. ಪುಡಿಯ ಪೊಟ್ಟಣವನ್ನು ಹರಿದು ಸುರಿದ. ಮುಗಿದುಹೋಗಲಿ ಒಂದು ಸಲ ಎಂದು ಎರಡೂ ಕೈಗಳನ್ನು ಮೊಣಕೈವರೆಗೆ ಇಳಿಸಿ ಬಿರಬಿರನೆ ಕಲಸತೊಡಗಿದ. ಬಿಳಿ ಬೂದಾಯಿತು, ಬೂದು ಕಪ್ಪಾಗುತ್ತಾ ಬಂತು.

ಎದುರಿಗೆ ಯಾರೋ ಕೂತ ಹಾಗಾಯಿತು. ಅವಳು ಟೆಸ್ಟ್ ರೂಮಿನ ಬಿಳಿ ಕೋಟು ತೆಗೆದಿಟ್ಟು ಬಂದಿದ್ದಳು. ತೋಳು ಮಡಿಸಿಕೊಂಡು ತೊಟ್ಟಿಯೊಳಗೆ ಕೈಯಿಟ್ಟಳು. ಒಂದು ಬೊಗಸೆ ಕಾಳು ಎತ್ತಿ ನೋಡಿದಳು, ಬೆರಳ ಸಂದಿಯಿಂದ ಕೆಳಗೆ ಬಿಟ್ಟಳು. ಮತ್ತೊಂದು ಬೊಗಸೆ ಎತ್ತಿದಳು.

“ರೀ,” ಎಂದಳು. ಶೆಡ್ಡಿನೊಳಗೆ ಅವಳು ಹಾಗೆ ಕರೆದದ್ದು ಅದೇ ಮೊದಲು. “ಇದ್ರಲ್ಲಿ ಅವಳು ಎಷ್ಟಿದಾಳೆ?”

ಮಣೆಯ ತೂಕ ಅವನಿಗೆ ಗೊತ್ತಿತ್ತು, ಲಾಟಿನ ತೂಕ ಗೊತ್ತಿತ್ತು. ಲೆಕ್ಕ ಹಾಕಿ ಹೇಳಬಹುದಿತ್ತು.

“ಎಲ್ಲಾ ಕಡೆನೂ ಇದಾಳೆ ಕಣೇ,” ಎಂದ. “ಒಂಚೂರು ಒಂಚೂರು.”

ಅವಳು ತಲೆಯಾಡಿಸಿದಳು. ಅವನು ಮತ್ತೆ ಕೈಯಾಡಿಸಲು ಹೋದಾಗ ಕಾಳಿನೊಳಗೇ ಅವನ ಮಣಿಕಟ್ಟನ್ನು ಹಿಡಿದುಕೊಂಡಳು.

“ನಿಧಾನಕ್ಕೆ ಕಲಸಿ,” ಎಂದಳು.